ಮಟಮಾರಿಗೆ ಹದಿನೆಂಟು ಬೈಟ್: ರಾಯಚೂರು ಸೀಮೆಯಲ್ಲಿ ಡಿಜಿಟಲ್ ತಿಳಿವಳಿಕೆಯ ಬೆಳವಣಿಗೆ

ಪ್ರೌಢಶಾಲೆಯ ಗಣಕ ಪಾಠಗಳು ಬಹುಮಟ್ಟಿಗೆ ಯಂತ್ರದ ಅಂಗಾಂಗಗಳ ಹೆಸರುಗಳಿಂದಲೇ ಆರಂಭವಾಗುತ್ತವೆ. ಪರದೆ, ಕೀಲಿಮಣೆ, ಮೌಸ್, ಸಿಪಿಯು ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ, ಆ ಯಂತ್ರದೊಳಗೆ ತನ್ನ ಊರಿನ ಹೆಸರು ಯಾವ ರೂಪದಲ್ಲಿ ಕೂತಿದೆ ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ಡಿಜಿಟಲ್ ಎಂಬ ಮಾತಿಗೆ ಅಂಕಿಗಳ ಮೂಲಕ ನಡೆಯುವುದು ಎಂದಷ್ಟೇ ಅರ್ಥ. ಬೆರಳನ್ನು ಸೂಚಿಸುವ ಲ್ಯಾಟಿನ್ ಪದ ಅದರ ಮೂಲವಾದ್ದರಿಂದ, ಅದರ ಹಿಂದೆ ಇರುವುದು ಬೆರಳೆಣಿಕೆಯೇ. ಹೊಲದ ವಿಸ್ತೀರ್ಣ, ಹತ್ತಿಯ ತೂಕ, ಕನ್ನಡದ ಅಕ್ಷರ ಇವುಗಳಲ್ಲಿ ಯಾವುದೇ ಆಗಲಿ, ಎಲ್ಲರೂ ಒಪ್ಪಿದ ಸಂಕೇತದ ಮೂಲಕ ಅಂಕಿಯಾಗಿ ಮಾರ್ಪಟ್ಟ ಮೇಲೆಯೇ ಯಂತ್ರ ಅದನ್ನು ಮುಟ್ಟಬಲ್ಲದು. ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಈ ವಿದ್ಯೆ ಬೆಳೆದ ಬಗೆಯನ್ನು ನೋಡಿದರೆ, ಅದು ಯಂತ್ರಗಳು ಬಂದ ಕಥೆಗಿಂತ ಹೆಚ್ಚಾಗಿ ಸಂಕೇತಗಳು ಒಪ್ಪಿತವಾದ ಕಥೆ ಎಂಬುದು ಕಂಡುಬರುತ್ತದೆ.

ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ರಾಯಚೂರಿನಿಂದ ಗುಂತಕಲ್ಲಿನತ್ತ ಸಾಗುವ ಈ ಹಾದಿಯಲ್ಲಿ ಮಟಮಾರಿ ಒಂದು ಸಣ್ಣ ನಿಲ್ದಾಣ. ಹಳೆಯ ರೈಲ್ವೆ ಸಿಗ್ನಲ್ ಕಂಬದ ತೋಳು ಅಡ್ಡವಾಗಿ ಚಾಚಿದ್ದರೆ ಗಾಡಿ ನಿಲ್ಲಬೇಕು, ಓರೆಯಾಗಿದ್ದರೆ ಮುಂದೆ ಹೋಗಬಹುದು. ಇವೆರಡರ ನಡುವಿನ ಯಾವ ಭಂಗಿಗೂ ಅರ್ಥವಿಲ್ಲ. ಹೀಗೆ ಎರಡೇ ಸ್ಥಿತಿಗಳಿಂದ ತಿಳಿಸಬಹುದಾದ ಅತಿ ಸಣ್ಣ ಸುದ್ದಿಗೆ ಬಿಟ್ ಎಂಬ ಹೆಸರು ಅಚ್ಚಾಗಿ ಬಂದದ್ದು ಬಹಳ ತಡವಾಗಿ, 1948ರ ಕ್ಲಾಡ್ ಶ್ಯಾನನ್ ಅವರ ಪ್ರಬಂಧದಲ್ಲಿ. ಆ ಪದವನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಶ್ಯಾನನ್ ಅವರೇ ಅಲ್ಲಿ ನಮೂದಿಸಿದ್ದಾರೆ. ರೈಲಿನ ಜೊತೆಜೊತೆಗೇ ಬೆಳೆದ ತಂತಿಯ ಮೋರ್ಸ್ ಸಂಕೇತವನ್ನು ಮಾತ್ರ ಪೂರ್ತಿ ದ್ವಿಮಾನ ಎನ್ನಲಾಗದು; ಚುಕ್ಕೆ ಮತ್ತು ಗೆರೆಗಳಲ್ಲದೆ ಅಕ್ಷರಗಳ ನಡುವಿನ ಬಿಡುವಿಗೂ ಅದರಲ್ಲಿ ಅರ್ಥವಿತ್ತು, ಮತ್ತು ಒಂದೊಂದು ಅಕ್ಷರದ ಉದ್ದ ಒಂದೊಂದು ಬಗೆಯಾಗಿತ್ತು. ಎಲ್ಲ ಅಕ್ಷರಗಳಿಗೂ ಸಮನಾದ ಸಂಖ್ಯೆಯ ಬಿಟ್‌ಗಳನ್ನು ಕೊಡುವ ಪದ್ಧತಿ, ಯಂತ್ರವೇ ಓದುವ ಕಾಲ ಬಂದಾಗ ಅನಿವಾರ್ಯವಾಯಿತು.

ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯುವ ದ್ವಿಮಾನ ಪದ್ಧತಿಯನ್ನು ಪಠ್ಯಪುಸ್ತಕಗಳು ಪರದೇಶದ ವಿಚಿತ್ರ ಗಣಿತವೆಂಬಂತೆ ಪರಿಚಯಿಸುವುದುಂಟು. ಆದರೆ ಕಾಳು ಅಳೆಯುವ ಮನೆಗಳಲ್ಲಿ ಅದು ಹಳೆಯ ಬಳಕೆ. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಅಂದರೆ ಸೇರಿಗೆ ಹದಿನಾರು ಚಟಾಕು. ಹನ್ನೊಂದು ಚಟಾಕು ಜೋಳ ಅಳೆಯಬೇಕಾದರೆ ಅಚ್ಚೇರು ಒಂದು ಸಲ, ಪಾವು ಬೇಡ, ಅರೆಪಾವು ಒಂದು ಸಲ, ಚಟಾಕು ಒಂದು ಸಲ. ಇದನ್ನೇ ಸಾಲಾಗಿ ಬರೆದರೆ 1011 ಎಂಬ ದ್ವಿಮಾನ ಸಂಖ್ಯೆಯಾಗುತ್ತದೆ, ಅದರ ಬೆಲೆ ಹನ್ನೊಂದೇ. ನಾಲ್ಕು ಬಿಟ್‌ಗಳಿಂದ ಹದಿನಾರು ಬೇರೆ ಬೇರೆ ಜೋಡಣೆಗಳು ಸಾಧ್ಯವಾದ್ದರಿಂದ ಎಂಜಿನಿಯರುಗಳು ಹದಿನಾರನ್ನು ಆಧಾರವಾಗಿಟ್ಟುಕೊಂಡು ಎಣಿಸುತ್ತಾರೆ; 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ತನಕ ರೂಪಾಯಿಗೆ ಹದಿನಾರಾಣೆ ಎಣಿಸಿದ ಜನಕ್ಕೆ ಈ ಲೆಕ್ಕ ಕಷ್ಟವಾಗುತ್ತಿರಲಿಲ್ಲ. ಎಂಟು ಬಿಟ್‌ಗಳ ಕಟ್ಟಿಗೆ ಬೈಟ್ ಎಂದು ಹೆಸರು. ಅದರಲ್ಲಿ 256 ಜೋಡಣೆಗಳಿಗೆ ಅವಕಾಶವಿದೆ.

ಯಂತ್ರದ ಇತಿಹಾಸ ಪ್ರಸಿದ್ಧವೇ ಆಗಿರುವುದರಿಂದ ಇಲ್ಲಿ ಸಂಕ್ಷೇಪ ಸಾಕು. ದತ್ತಾಂಶ ಮತ್ತು ಅದನ್ನು ಸಂಸ್ಕರಿಸುವ ಆದೇಶಗಳು ಎರಡನ್ನೂ ಒಂದೇ ಸ್ಮೃತಿಯಲ್ಲಿಡುವ ವಿನ್ಯಾಸವನ್ನು ಜಾನ್ ವಾನ್ ನಾಯ್ಮನ್ 1945ರ ವರದಿಯಲ್ಲಿ ವಿವರಿಸಿದರು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಚಲಿಸುವ ಭಾಗಗಳಿಲ್ಲದ ಸ್ವಿಚ್ಚಾಗಿ ಒದಗಿತು. 1971ರ ಇಂಟೆಲ್ 4004 ಎಂಬ ಒಂದೇ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳು ಕೂತವು. ಆದೇಶಗಳ ಸಾಲನ್ನು ತಂತ್ರಾಂಶ ಎಂದೂ ಅವನ್ನು ನಡೆಸುವ ಭೌತಿಕ ಭಾಗಗಳನ್ನು ಯಂತ್ರಾಂಶ ಎಂದೂ ಕರೆಯುತ್ತಾರೆ. ಭಾರತದ ಶಾಲೆಗಳಿಗೆ ಗಣಕ ಕಾಲಿಟ್ಟದ್ದು 1984-85ರ ‘ಕ್ಲಾಸ್’ ಯೋಜನೆಯಲ್ಲಿ, ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಯಂತ್ರದ ರೂಪದಲ್ಲಿ. ಅದರ ಪ್ರಚಲಿತ ಮಾದರಿಯ ಸ್ಮೃತಿ 32 ಕಿಲೋಬೈಟ್, ಅಂದರೆ 32,768 ಬೈಟ್. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಕೊಠಡಿಗಳು ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 2000ದ ದಶಕದ ಮೊದಲ ವರ್ಷಗಳಲ್ಲಿ, ‘ಮಾಹಿತಿ ಸಿಂಧು’ ಯೋಜನೆಯ ಮೂಲಕ.

ಆದರೆ ಈ ಸೀಮೆಯ ರೈತ ಕುಟುಂಬಗಳ ಮಟ್ಟಿಗೆ ಗಣಕಯಂತ್ರ ಮೊದಲು ಬಂದದ್ದು ಶಾಲೆಯಿಂದಲ್ಲ, ತಾಲ್ಲೂಕು ಕಚೇರಿಯಿಂದ. ರಾಷ್ಟ್ರೀಯ ಮಾಹಿತಿ ಕೇಂದ್ರವು ತಂತ್ರಾಂಶ ರೂಪಿಸಿದ, ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ನಡೆದ ‘ಭೂಮಿ’ ಯೋಜನೆ, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ದಫ್ತರಗಳನ್ನು, ಅಂದರೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು, 2000ದ ದಶಕದ ಆರಂಭದ ಹೊತ್ತಿಗೆ ಗಣಕಕ್ಕೆ ಏರಿಸಿತು. ಹದಿನೈದು ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿಯ ಅಚ್ಚಾದ ಪ್ರತಿ ಪಡೆಯುವುದು ದೊಡ್ಡ ಬದಲಾವಣೆಯೇ ಆಗಿತ್ತು. ಆದರೂ ವಿದ್ಯಾರ್ಥಿ ಗಮನಿಸಬೇಕಾದದ್ದು ಆ ಕಾಗದದ ಹಿಂದಿನ ವಿನ್ಯಾಸವನ್ನು. ದಫ್ತರದ ಪುಟದಲ್ಲಿ ಖಾತೆದಾರನ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಸಾಲದ ವಿವರ ಅಕ್ಕಪಕ್ಕ ಇದ್ದಂತೆ, ದತ್ತಸಂಚಯದಲ್ಲಿಯೂ ಪ್ರತಿ ವಿವರಕ್ಕೆ ಒಂದೊಂದು ಅಂಕಣ, ಪ್ರತಿ ಜಮೀನಿಗೆ ಒಂದೊಂದು ಸಾಲು ಇರುತ್ತದೆ. ಯಾವ ಅಂಕಣದಲ್ಲಿ ಎಂಥ ಬೆಲೆ ಇರಬಹುದು ಎಂಬುದನ್ನು ಮೊದಲೇ ಗೊತ್ತುಮಾಡಬೇಕಾಗುತ್ತದೆ.

ಇದು ಎಷ್ಟು ಮುಖ್ಯವೆಂಬುದು ವಿಸ್ತೀರ್ಣದ ಅಂಕಣದಿಂದಲೇ ಗೊತ್ತಾಗುತ್ತದೆ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ಎರಡು ಎಕರೆ ಮೂವತ್ತೊಂಬತ್ತು ಗುಂಟೆಗೆ ಒಂದು ಗುಂಟೆ ಕೂಡಿದರೆ ಮೂರು ಎಕರೆಯಾಗುತ್ತದೆ. ಆದರೆ ಯಂತ್ರಕ್ಕೆ 2.39 ಎಂಬ ಸಾಮಾನ್ಯ ದಶಮಾಂಶ ಸಂಖ್ಯೆಯನ್ನು ಕೊಟ್ಟು 0.01 ಕೂಡಿಸೆಂದರೆ ಅದು 2.40 ಎಂದು ಹೇಳುತ್ತದೆ, ಮತ್ತು ಗಣಿತದ ದೃಷ್ಟಿಯಿಂದ ಅದರ ತಪ್ಪೇನೂ ಇಲ್ಲ. ಗುಂಟೆಯ ಸ್ಥಾನ ನಲವತ್ತಕ್ಕೆ ತುಂಬಿ ಮುಂದಿನ ಸ್ಥಾನಕ್ಕೆ ದಾಟಬೇಕೆಂಬ ನಿಯಮವನ್ನು ತಂತ್ರಾಂಶ ಬರೆಯುವವನೇ ಹೇಳಿಕೊಡಬೇಕು. ದತ್ತಾಂಶದ ಪ್ರಕಾರ, ದತ್ತಾಂಶದ ಪರಿಶೀಲನೆ ಎಂದು ಪುಸ್ತಕಗಳು ಒಣ ಪರಿಭಾಷೆಯಲ್ಲಿ ಹೇಳುವ ವಿಷಯ ಇದೇ. ಹೊಲದ ಅಳತೆ ಗೊತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡನ್ನೂ ‘ಭೂಮಿ’ ತಂತ್ರಾಂಶದೊಳಗೇ ಅಳವಡಿಸಿತು; ಮೊದಲು ಬಂದದ್ದು ಮೊದಲು ಹೊರಡುವ ಈ ಸಾಲಿಗೆ ಗಣಕಶಾಸ್ತ್ರದಲ್ಲಿ ಕ್ಯೂ ಎಂದೇ ಹೆಸರು. ದತ್ತಾಂಶ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಗಿದ್ದುದರಿಂದ, ಯಾರು ಏನನ್ನು ಬದಲಿಸಿದರು ಎಂಬ ದಾಖಲೆಯೂ ಉಳಿಯುವಂತಾಯಿತು.

ಎಣಿಸಬಹುದಾದದ್ದನ್ನು ಅಂಕಿಗೆ ತರುವುದು ಹೀಗೆ ಸುಲಭ. ಎಡೆಬಿಡದೆ ಏರಿಳಿಯುವ ತೂಕ, ಶಾಖ, ಧ್ವನಿಗಳನ್ನು ತರುವುದಕ್ಕೆ ಇನ್ನೊಂದು ಮೆಟ್ಟಿಲು ಬೇಕು. ಇಂಥ ನಿರಂತರ ಪರಿಮಾಣವನ್ನು ಅನಲಾಗ್ ಎನ್ನುತ್ತಾರೆ. ಹತ್ತಿ ತುಂಬಿದ ಲಾರಿ ಎಲೆಕ್ಟ್ರಾನಿಕ್ ವೇಬ್ರಿಡ್ಜಿನ ಮೇಲೆ ನಿಂತಾಗ ಅಡಿಯ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗಿ, ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯಿಂದ ಹುಟ್ಟುವ ವೋಲ್ಟೇಜನ್ನು ಪರಿವರ್ತಕವು ಮೆಟ್ಟಿಲುಗಳಾಗಿ ಕತ್ತರಿಸಿ ಅಂಕಿ ಕೊಡುತ್ತದೆ. ಅರವತ್ತು ಟನ್ ತೂಗುವ ಯಂತ್ರದ ಪರಿವರ್ತಕಕ್ಕೆ ಎಂಟೇ ಬಿಟ್ ಇದ್ದರೆ 256 ಮೆಟ್ಟಿಲುಗಳಷ್ಟೇ ದೊರೆತು, ಒಂದೊಂದು ಮೆಟ್ಟಿಲು ಸುಮಾರು 234 ಕಿಲೋ ಆಗುತ್ತದೆ. ಎರಡು ಕ್ವಿಂಟಲಿಗೂ ಹೆಚ್ಚಿನ ಆ ಅಂತರವನ್ನು ಯಾವ ರೈತನೂ ಒಪ್ಪಲಾರ. ಬಿಟ್‌ಗಳನ್ನು ಹದಿನಾರಕ್ಕೆ ಏರಿಸಿದರೆ 65,536 ಮೆಟ್ಟಿಲುಗಳಾಗಿ ಅಂತರ ಒಂದು ಕಿಲೋಗಿಂತ ಕೆಳಗಿಳಿಯುತ್ತದೆ. ಬಿಟ್‌ಗಳ ಸಂಖ್ಯೆ ಎಂದರೆ ನಿಖರತೆ, ನಿಖರತೆ ಎಂದರೆ ದುಡ್ಡು, ಎಂಬುದು ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಮಾಲು ಇಳಿಸುವ ಎಲ್ಲರಿಗೂ ಸಂಬಂಧಪಟ್ಟ ಸಂಗತಿ. 2014ರಿಂದ ರಾಜ್ಯದ ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ಜೋಡಿಸುವ ಕೆಲಸ ಆರಂಭವಾದ ಮೇಲೆ, ಖರೀದಿದಾರರು ನಮೂದಿಸಿದ ದರಗಳಲ್ಲಿ ದೊಡ್ಡದನ್ನು ಆರಿಸುವುದೂ ತಂತ್ರಾಂಶದ ಕೆಲಸವಾಯಿತು. ಮೊದಲ ದರವನ್ನು ಕೈಯಲ್ಲಿ ಹಿಡಿದು, ಉಳಿದವನ್ನು ಒಂದೊಂದಾಗಿ ಅದರೊಡನೆ ಹೋಲಿಸಿ, ಹೆಚ್ಚಿನದು ಸಿಕ್ಕಾಗಲೆಲ್ಲ ಕೈಯಲ್ಲಿರುವುದನ್ನು ಬದಲಿಸುತ್ತ ಕೊನೆಯವರೆಗೆ ಹೋಗುವ ಇಂಥ ಕ್ರಮಬದ್ಧ ವಿಧಾನಕ್ಕೆ ಅಲ್ಗಾರಿದಮ್ ಎನ್ನುತ್ತಾರೆ.

ಈ ಎಲ್ಲಕ್ಕಿಂತ ಕಷ್ಟದ್ದೂ ಕನ್ನಡಿಗರು ಹೆಚ್ಚು ಶ್ರಮಿಸಿದ್ದೂ ಅಕ್ಷರದ ವಿಷಯದಲ್ಲಿ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಏಳು ಬಿಟ್‌ಗಳದ್ದು. ಅದರ 128 ಸ್ಥಾನಗಳು ರೋಮನ್ ಅಕ್ಷರ, ಅಂಕಿ, ಚಿಹ್ನೆಗಳಿಗೇ ಮೀಸಲಾಗಿ, ಕನ್ನಡಕ್ಕೆ ಜಾಗವಿರಲಿಲ್ಲ. ಭಾರತೀಯ ಲಿಪಿಗಳಿಗೆಂದು ರೂಪಿಸಿದ ಇಸ್ಕಿ ಸಂಕೇತ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳ ವರ್ಣಮಾಲೆ ಬಹುಮಟ್ಟಿಗೆ ಒಂದೇ ಎಂಬ ಒಳನೋಟ ಅದರ ತಳಹದಿ. ಇತ್ತ ಕೆ.ಪಿ. ರಾವ್ ಅವರು ಕನ್ನಡದ ಧ್ವನಿವ್ಯವಸ್ಥೆಯನ್ನೇ ಅನುಸರಿಸಿ, ಇಪ್ಪತ್ತಾರು ಕೀಲಿಗಳ ಇಂಗ್ಲಿಷ್ ಮಣೆಯಲ್ಲೇ ಇಡೀ ವರ್ಣಮಾಲೆ ಹಿಡಿಸುವ ವಿನ್ಯಾಸವನ್ನು ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆ ವಿನ್ಯಾಸವನ್ನು ನಾಡಿನ ಕಚೇರಿಗಳಿಗೆಲ್ಲ ಒಯ್ದಿತು, ಶೇಷಾದ್ರಿ ವಾಸು ಅವರ ‘ಬರಹ’ ಮನೆಮನೆಯ ಗಣಕಗಳನ್ನು ಸೇರಿತು. ಈ ವಿನ್ಯಾಸದಲ್ಲಿ ಮಟಮಾರಿ ಎಂದು ಬರೆಯಲು ಎಂ, ಕ್ಯೂ, ಎಂ, ಶಿಫ್ಟ್ ಹಿಡಿದು ಎ, ಆರ್, ಐ ಎಂಬ ಆರು ಕೀಲಿಗಳು ಸಾಕು. ಮೊಳೆಗಳ ಎಣಿಕೆಗೆ ಕಟ್ಟುಬಿದ್ದಿದ್ದ ಬೆರಳಚ್ಚು ಯಂತ್ರವನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಒಂದು ತೊಡಕು ಮಾತ್ರ ಉಳಿದಿತ್ತು, ಮತ್ತು ಅದು ಚಿಕ್ಕದಲ್ಲ. ಆ ಕಾಲದ ತಂತ್ರಾಂಶಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ತುಂಡುಚಿತ್ರಗಳನ್ನು ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡ ಕಂಡರೂ ಯಂತ್ರದೊಳಗೆ ಇದ್ದದ್ದು ಪೌಂಡ್ ಚಿಹ್ನೆ ಮತ್ತು ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರಗಳು. ಅದೇ ಅಕ್ಷರಶೈಲಿಯ ಕಡತವಿಲ್ಲದ ಗಣಕದಲ್ಲಿ ದಾಖಲೆ ತೆರೆದರೆ ಓದಲಾಗದ ಗೊಂದಲವೇ ಎದುರಾಗುತ್ತಿತ್ತು. ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸರಿಯಾಗಿ ನಡೆಯುತ್ತಿರಲಿಲ್ಲ. ಇದೇ ಜಿಲ್ಲೆಯ ಮಸ್ಕಿಯ ಬಂಡೆ ಇಲ್ಲಿ ನೆನಪಿಗೆ ಬರುವುದು ಸಹಜ. ಬ್ರಾಹ್ಮಿಯ ಸಂಕೇತ ಮರೆತುಹೋದ ಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಅಶೋಕನ ಶಾಸನಗಳು ಬರಿಯ ಗೀರುಗಳಾಗಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದರಿಂದಲೇ, 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡಾಗ ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ತೋರಿಸುವ ಹೆಸರು ಅಲ್ಲಿ ಓದಲು ಸಿಕ್ಕಿತು. ಕಲ್ಲು ಉಳಿದರೂ ಸಂಕೇತ ಅಳಿದರೆ ಬರಹ ಸತ್ತಂತೆಯೇ. ಹಳೆಯ ಅಕ್ಷರಶೈಲಿಗಳಲ್ಲಿರುವ ಕನ್ನಡ ಕಡತಗಳನ್ನು ಪರಿವರ್ತಿಸದೆ ಬಿಡುವುದು ಅದೇ ಬಗೆಯ ನಷ್ಟಕ್ಕೆ ದಾರಿ.

ಇದಕ್ಕೆ ಪರಿಹಾರವಾಗಿ ಒದಗಿದ್ದು 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದ್ದೇ ಆದ ಒಂದು ಸಂಖ್ಯೆ ಎಂಬುದು ಅದರ ಸರಳ ನಿಯಮ. ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನೇ ಅದು ಕೊಟ್ಟಿದೆ. ಮಕಾರಕ್ಕೆ 3246, ಟಕಾರಕ್ಕೆ 3231, ದೀರ್ಘದ ಗುಣಿತಕ್ಕೆ 3262, ರಕಾರಕ್ಕೆ 3248, ಗುಡಿಸಿಗೆ 3263. ಹೀಗಾಗಿ ಕಣ್ಣಿಗೆ ನಾಲ್ಕು ಅಕ್ಷರವಾಗಿ ಕಾಣುವ ಮಟಮಾರಿ ಯಂತ್ರದೊಳಗೆ ಆರು ಸಂಖ್ಯೆಗಳ ಸರಣಿ: 3246, 3231, 3246, 3262, 3248, 3263. ಇವುಗಳಲ್ಲಿ ಮೊದಲನೆಯದು ದ್ವಿಮಾನದಲ್ಲಿ 110010101110. ಈ ಸಂಖ್ಯೆಗಳನ್ನು ಬೈಟ್‌ಗಳಾಗಿ ಜೋಡಿಸಲು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ, ಊರಿನ ಹೆಸರು ಹದಿನೆಂಟು ಬೈಟ್ ಹಿಡಿಯುತ್ತದೆ. ಇಸ್ಕಿಯಲ್ಲಿ ಆರೇ ಸಾಕಾಗಿದ್ದವು. 140 ಬೈಟ್‌ಗಳ ಮೊಬೈಲ್ ಕಿರುಸಂದೇಶ ಏಳು ಬಿಟ್‌ಗಳ ಸಂಕೇತದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿ, ಸಂಕೇತವೊಂದಕ್ಕೆ ಎರಡು ಬೈಟ್ ಕೊಡಬೇಕಾದ ಕನ್ನಡಕ್ಕೆ 70 ಸಂಕೇತಗಳಲ್ಲೇ ಮುಗಿಯುವುದೂ ಇಂಥದೇ ಲೆಕ್ಕದಿಂದ. ಜಾಗ ಹೆಚ್ಚು ಬೇಡಿದರೂ ಹುಡುಕಿದರೆ ಸಿಗುವ, ಬೇರೆ ಯಂತ್ರಕ್ಕೆ ಹೋದರೂ ಕೆಡದ ಬರಹ ಇದರಿಂದ ಸಾಧ್ಯವಾಗಿದೆ. ‘ವಚನ ಸಂಚಯ’ದಂಥ ಜಾಲತಾಣದಲ್ಲಿ ಒಂದು ಪದ ಕೊಟ್ಟು ಅದು ಬಂದಿರುವ ವಚನಗಳನ್ನೆಲ್ಲ ಕಾಣುವುದು ಈ ಸಂಖ್ಯೆಗಳ ಹೋಲಿಕೆಯಿಂದಲೇ.

ರಾಯಚೂರಿಗೆ 2019ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಬಂತು. ಹೈದರಾಬಾದಿನ ಐಐಟಿಯ ಮಾರ್ಗದರ್ಶನದಲ್ಲಿ ಆರಂಭವಾದ ಅದಕ್ಕೆ 2020ರ ಕಾಯಿದೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಕೊಟ್ಟಿತು. ಸುತ್ತಲಿನ ತಾಲ್ಲೂಕುಗಳ ಕನ್ನಡ ಮಾಧ್ಯಮದ ಮಕ್ಕಳು ಆ ಬಾಗಿಲನ್ನು ತಲುಪಬೇಕಾದರೆ, ಪ್ರೌಢಶಾಲೆಯ ಗಣಕ ಪಾಠ ಅಂಗಾಂಗಗಳ ಪಟ್ಟಿಯನ್ನು ಬಿಟ್ಟು ಸೇರು, ಪಹಣಿ, ವೇಬ್ರಿಡ್ಜು, ಕನ್ನಡದ ಗುಣಿತಗಳಿಂದ ಆರಂಭವಾಗುವುದು ಅಗತ್ಯ. ಸಿಪಿಯುವಿನ ಹೆಸರನ್ನು ಅವರು ಆಮೇಲೆ ಎರಡು ದಿನದಲ್ಲಿ ಕಲಿಯಬಲ್ಲರು. ಅಂಥ ಪಾಠಕ್ಕೆ ಒದಗುವ ಅಭ್ಯಾಸಗಳಲ್ಲಿ ಒಂದು ರೋಮನ್ ಲಿಪಿಯಲ್ಲಿ ಊರಿನ ಹೆಸರು ಬರೆಯುವುದು. ಟಕಾರದ ಬಳಿಕ ಎ ಸೇರಿಸಿದರೆ ಎಂಟು ಅಕ್ಷರ, ಸೇರಿಸದಿದ್ದರೆ ಏಳು. ಮನುಷ್ಯರ ಕಣ್ಣಿಗೆ ಎರಡೂ ಮಟಮಾರಿಯೇ, ಯಂತ್ರಕ್ಕೆ ಮಾತ್ರ ನಾಲ್ಕನೆಯ ಬೈಟ್‌ನಲ್ಲಿ ಬೇರೆಯಾಗುವ ಎರಡು ಊರುಗಳು. ಬೇರೆ ಬೇರೆ ಕಚೇರಿಗಳ ದತ್ತಸಂಚಯಗಳನ್ನು ಒಂದಕ್ಕೊಂದು ಹೊಂದಿಸುವಾಗ ಹೆಸರನ್ನು ನೆಚ್ಚದೆ, ಪ್ರತಿ ಗ್ರಾಮಕ್ಕೂ ಒಂದು ಸಂಖ್ಯೆಯನ್ನು ನಿಗದಿ ಮಾಡಿರುವುದು ಇದೇ ಕಾರಣಕ್ಕೆ.