ಗುದ್ದಲಿಯಿಂದ ಬ್ಲೇಡಿನವರೆಗೆ: ಹಳೆಯ ಬೆಂಗಳೂರಿನ ಮಣ್ಣುಕೆಲಸ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ನೇರ ಬೀದಿಗಳನ್ನು ನಕ್ಷೆ ಬರೆದವರ ಹಾಗೂ ಮಂಜೂರಾತಿ ಕೊಟ್ಟ ಅಧಿಕಾರಿಗಳ ಸಾಧನೆಯೆಂದು ವಿವರಿಸುವುದು ನಗರ ಚರಿತ್ರೆಯಲ್ಲಿ ವಾಡಿಕೆಯಾಗಿದೆ. ಆದರೆ 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಾಗಲಿ, 1898ರ ಆಗಸ್ಟ್‌ನಲ್ಲಿ ಪೇಟೆಗೆ ಎರಗಿದ ಪ್ಲೇಗಿನ ನಂತರ ಜನ ನೆಲೆಸತೊಡಗಿದ ಬಸವನಗುಡಿ ಮತ್ತು ಮಲ್ಲೇಶ್ವರಗಳಾಗಲಿ, ಕಾಗದದ ಗೆರೆಯಿಂದ ಬೀದಿಯಾಗುವ ಮೊದಲು ಉಬ್ಬು ಕಡಿದು, ತಗ್ಗು ತುಂಬಿ, ಮಳೆನೀರು ಹರಿದುಹೋಗುವಷ್ಟು ಇಳಿಜಾರನ್ನು ಉಳಿಸಿಕೊಂಡು ನೆಲವನ್ನು ಹದಮಾಡುವ ದೊಡ್ಡ ಕೆಲಸ ನಡೆಯಬೇಕಾಗಿತ್ತು. ಟ್ರ್ಯಾಕ್ಟರಿನ ಮುಂದೆ ಕಬ್ಬಿಣದ ಹಲಗೆ ಕಟ್ಟಿದ ಬುಲ್ಡೋಜರ್ ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ರೂಪುಗೊಂಡದ್ದು 1923ರಲ್ಲಿ. ಅದಕ್ಕೆ ಕಾಲು ಶತಮಾನ ಮೊದಲೇ ಈ ಬಡಾವಣೆಗಳ ನೆಲ ಗುದ್ದಲಿ, ಮಂಕರಿ, ಎತ್ತುಗಳ ಬಲದಿಂದ ಸಜ್ಜಾಗಿತ್ತು.

ಆ ಕೌಶಲ ಬಡಾವಣೆಗಳಿಗಾಗಿ ಹೊಸದಾಗಿ ಹುಟ್ಟಿದ್ದಲ್ಲ. ಅದರ ಮೂಲ ಕೆರೆಕಟ್ಟೆಗಳಲ್ಲಿದೆ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆಯೆಂಬ ಭೂಮಿಯನ್ನು, ಕೆರೆಯ ಪೋಷಣೆಗೆ ಬಿತ್ತುವಟ್ಟವೆಂಬ ಉತ್ಪನ್ನದ ಪಾಲನ್ನು ಬಿಟ್ಟುಕೊಟ್ಟ ಉಲ್ಲೇಖಗಳು ಹೇರಳವಾಗಿವೆ. ಹೂಳು ಸಾಗಿಸಲು ಮತ್ತು ಏರಿಗೆ ಮಣ್ಣು ಹೊರಲು ಬಂಡಿಗಳನ್ನು ಸದಾ ಸಿದ್ಧವಾಗಿ ಇರಿಸಿಕೊಳ್ಳಲೆಂದು ನೀಡಿದ ದತ್ತಿಗಳೂ ಇವೆ. ನೆರೆಯ ರಾಜ್ಯದ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಅಲ್ಲಿನ ಕೆರೆಯನ್ನು ಸಾವಿರ ಕೆಲಸಗಾರರು ನೂರು ಬಂಡಿಗಳೊಡನೆ ಎರಡು ವರ್ಷ ದುಡಿದು ಕಟ್ಟಿದರೆಂದು ಹೇಳುತ್ತದೆ. ಆಳು ಎಷ್ಟು, ಬಂಡಿ ಎಷ್ಟು, ಕಾಲ ಎಷ್ಟು ಎಂಬ ಈ ಮೂರು ಅಂಕಿಗಳ ಲೆಕ್ಕವೇ ಇಂದಿಗೂ ಮಣ್ಣುಕೆಲಸದ ಅಂದಾಜುಪಟ್ಟಿಯ ತಿರುಳು. ಹದಿನಾರನೆಯ ಶತಮಾನದಲ್ಲಿ ಬೆಂಗಳೂರಿನ ಸುತ್ತ ಕೆಂಪಾಂಬುಧಿ, ಧರ್ಮಾಂಬುಧಿ, ಸಂಪಂಗಿ ಕೆರೆಗಳು ತಲೆಯೆತ್ತಿದ್ದು ಇಂಥ ಅನುಭವದ ಮೇಲೆಯೇ.

ಮೈಸೂರು ಸೀಮೆಯಲ್ಲಿ ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಒಡ್ಡರು, ಅಂದರೆ ಇಂದು ಭೋವಿ ಎಂಬ ಹೆಸರಿನಿಂದ ಗುರುತಿಸಲಾಗುವ ಸಮುದಾಯದವರು. ಅವರಲ್ಲಿ ಮಣ್ಣು ಅಗೆಯುವವರು, ಕಲ್ಲು ಒಡೆಯುವವರು, ಬಂಡಿ ಹೂಡುವವರು ಎಂಬ ಕವಲುಗಳಿದ್ದವು. ಗಂಡಸರು ಗುದ್ದಲಿಯಿಂದ ಮಣ್ಣು ಕೆದರಿ ಮಂಕರಿಗೆ ಎಳೆದು ತುಂಬಿದರೆ, ಹೆಂಗಸರು ತಲೆಯ ಮೇಲೆ ಬಟ್ಟೆಯ ಸಿಂಬೆಯಿಟ್ಟು ಅದನ್ನು ಹೊತ್ತೊಯ್ದು ಸುರಿಯುತ್ತಿದ್ದರು. ದೂರ ಹೆಚ್ಚಾದಲ್ಲಿ ಕತ್ತೆಗಳ ಬೆನ್ನಿಗೆ ಹೇರು ಹಾಕಲಾಗುತ್ತಿತ್ತು. ಕೂಲಿಯನ್ನು ದಿನಕ್ಕಲ್ಲದೆ ಅಗೆದ ಮಣ್ಣಿನ ಘನ ಅಳತೆಗೆ ಕೊಡುತ್ತಿದ್ದ ಕಡೆಗಳಲ್ಲಿ, ಹೊಂಡದ ನಡುವೆ ಅಲ್ಲಲ್ಲಿ ಅಗೆಯದ ಮಣ್ಣಿನ ಗುಡ್ಡೆಗಳನ್ನು ಹಾಗೆಯೇ ಬಿಡಲಾಗುತ್ತಿತ್ತು. ಅವುಗಳ ನೆತ್ತಿಯೇ ಮೂಲ ನೆಲದ ಮಟ್ಟವಾದ್ದರಿಂದ ಅಳೆಯುವವನು ಎತ್ತರ ನೋಡಿ ಹೊಂಡದ ಆಳವನ್ನು ನಿರ್ಣಯಿಸುತ್ತಿದ್ದನು, ಅಳತೆ ಮುಗಿದ ಮೇಲಷ್ಟೇ ಆ ಗುಡ್ಡೆಗಳು ಕರಗುತ್ತಿದ್ದವು. ಅಗೆದ ಹೊಂಡವನ್ನೇ ಅಳೆಯಬೇಕು, ಸುರಿದ ರಾಶಿಯನ್ನಲ್ಲ, ಏಕೆಂದರೆ ನೆಲದಿಂದ ಬಿಡಿಸಿದ ಮಣ್ಣು ಸಡಿಲಗೊಂಡು ಸುಮಾರು ಕಾಲುಭಾಗದಷ್ಟು ಉಬ್ಬುತ್ತದೆ. ಇಷ್ಟು ಸರಳವಾದ ಮತ್ತು ಇಷ್ಟು ನ್ಯಾಯವಾದ ಅಳತೆಯ ಕ್ರಮ ಬೇರೆ ಕಸುಬುಗಳಲ್ಲಿ ವಿರಳ.

ಮರಾಮತ್ತು ಇಲಾಖೆಯ ದರಪಟ್ಟಿಗಳು ಇದೇ ಅನುಭವವನ್ನು ಲೀಡ್, ಲಿಫ್ಟ್ ಎಂಬ ಎರಡು ಮಾತುಗಳಲ್ಲಿ ಹಿಡಿದಿಟ್ಟಿವೆ. ಮಣ್ಣನ್ನು ಅಡ್ಡಲಾಗಿ ಸಾಗಿಸುವ ದೂರ ಲೀಡ್, ಮೇಲಕ್ಕೆತ್ತುವ ಎತ್ತರ ಲಿಫ್ಟ್. 50 ಮೀಟರ್ ಲೀಡ್ ಮತ್ತು ಒಂದೂವರೆ ಮೀಟರ್ ಲಿಫ್ಟ್‌ವರೆಗೆ ಮೂಲ ದರ, ಅದನ್ನು ಮೀರಿದರೆ ಹೆಚ್ಚುವರಿ. ಯಾವ ಸಲಕರಣೆ ಬೇಕೆಂಬುದನ್ನು ಅಂದೂ ಇಂದೂ ತೀರ್ಮಾನಿಸುವುದು ಮುಖ್ಯವಾಗಿ ಈ ದೂರವೇ. ಗದ್ದೆಯ ಒಳಗೆ ಉಬ್ಬಿನ ಮಣ್ಣನ್ನು ಕೆಲವೇ ಮಾರು ದೂರದ ತಗ್ಗಿಗೆ ಎಳೆಯಲು ರೈತನಿಗೆ ಎತ್ತು ಕಟ್ಟಿದ ಹಲಗೆ ಸಾಕಾಗುತ್ತಿತ್ತು. 1883ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಜೇಮ್ಸ್ ಪೋರ್ಟಿಯಸ್ ಎಂಬಾತನು, ಮಣ್ಣನ್ನು ಹೆರೆದು ತನ್ನೊಳಗೇ ತುಂಬಿಕೊಂಡು ಸಾಗಿ, ಬೇಕಾದೆಡೆ ಹರವಿ ಬರುವ ಬಾಗಿದ ತೊಟ್ಟಿಯೊಂದನ್ನು ಕುದುರೆಗಳಿಗೆ ಹೂಡುವಂತೆ ರೂಪಿಸಿದನು. ಇಂದು ಟ್ರ್ಯಾಕ್ಟರಿನ ಹಿಂದೆ ಕಾಣುವ ಪೆಟ್ಟಿಗೆಯಾಕಾರದ ಸ್ಕ್ರೇಪರ್ ಅದರದೇ ವಂಶದ್ದು. ಹ್ಯಾರಿ ಫರ್ಗುಸನ್ ರೂಪಿಸಿದ, ಉಪಕರಣವನ್ನು ಟ್ರ್ಯಾಕ್ಟರಿಗೆ ಮೂರು ಬಿಂದುಗಳಲ್ಲಿ ಜೋಡಿಸಿ ಹೈಡ್ರಾಲಿಕ್ ಬಲದಿಂದ ಎತ್ತಿಳಿಸುವ ವ್ಯವಸ್ಥೆಯು 1939ರ ಫೋರ್ಡ್ ಟ್ರ್ಯಾಕ್ಟರಿನೊಂದಿಗೆ ವ್ಯಾಪಕವಾದ ಮೇಲೆ, ಒಂದೇ ಯಂತ್ರಕ್ಕೆ ಬ್ಲೇಡ್, ಸ್ಕ್ರೇಪರ್, ನೇಗಿಲುಗಳನ್ನು ಬದಲಿಸಿ ಕಟ್ಟುವುದು ಸುಲಭವಾಯಿತು. ಹರಡಿ ಮಟ್ಟಮಾಡಲು ಬ್ಲೇಡ್, ಹೆರೆದು ಸ್ವಲ್ಪ ದೂರ ಒಯ್ಯಲು ಸ್ಕ್ರೇಪರ್, ತುಂಬಲು ಲೋಡರ್, ಊರಾಚೆ ಸಾಗಿಸಲು ಟ್ರೇಲರ್ ಎಂಬ ಇಂದಿನ ವಿಂಗಡಣೆಯು ಹಲಗೆ, ಮಂಕರಿ, ಬಂಡಿಗಳ ನಡುವಿನ ಹಳೆಯ ಶ್ರಮವಿಭಜನೆಯನ್ನೇ ಬಹುಮಟ್ಟಿಗೆ ಅನುಸರಿಸುತ್ತದೆ. ಬುಲ್ಡೋಜರು ಕೂಡ ಸುಮಾರು 100 ಮೀಟರಿನ ಒಳಗೆ ಮಾತ್ರ ಲಾಭದಾಯಕ. ಅದಕ್ಕೂ ದೂರ ಮಣ್ಣನ್ನು ತಳ್ಳಿಕೊಂಡು ಹೋದರೆ ಅದು ಹಲಗೆಯ ಎರಡೂ ಪಕ್ಕಗಳಿಂದ ಸೋರಿಹೋಗುತ್ತದೆ.

ಹಳೆಯ ಬೆಂಗಳೂರಿನಲ್ಲಿ ದೂರದ ಜೊತೆಗೆ ನೆಲದ ಗುಣವೂ ಲೆಕ್ಕಕ್ಕೆ ಬರುತ್ತಿತ್ತು. ಇಲ್ಲಿನ ಕೆಂಪುಮಣ್ಣು ಮಳೆಗಾಲದಲ್ಲಿ ಗುದ್ದಲಿಗೆ ಒಗ್ಗಿ, ಬೇಸಿಗೆಯಲ್ಲಿ ಹಾರೆಯನ್ನೇ ಬೇಡುವಷ್ಟು ಗಟ್ಟಿಯಾಗುತ್ತದೆ. ಬಸವನಗುಡಿಯ ಬ್ಯೂಗಲ್ ರಾಕ್‌ನಲ್ಲಿ ಬಂಡೆಯೇ ನೆಲದಿಂದ ಮೇಲೆದ್ದಿದೆ. ಮಲ್ಲೇಶ್ವರದ ಅಂಚಿನಲ್ಲಿ 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆಯು ಇಳಿಜಾರಿನ ನೀರನ್ನು ಹಿಡಿದಿಡುವ ಹಳೆಯ ಕ್ರಮವನ್ನು ಮುಂದುವರಿಸಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ನಂತರ ಊರೊಳಗಿನ ಕೆರೆಗಳ ಮಹತ್ವ ಕುಗ್ಗುತ್ತ ಹೋಯಿತು, ಮತ್ತು ಕೆರೆ ಕಟ್ಟಲು ಬೆಳೆದ ಮಣ್ಣಿನ ವಿದ್ಯೆಯೇ ಕೆರೆ ತುಂಬಿಸಲು ಬಳಕೆಯಾಯಿತು. ಧರ್ಮಾಂಬುಧಿಯ ಮೇಲೆ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಬಸವನಗುಡಿಯ ಕಾರಂಜಿ ಕೆರೆ ಆಂಜನೇಯ ದೇವಾಲಯದ ಹೆಸರಿನಲ್ಲಷ್ಟೇ ಉಳಿದಿದೆ. ಸಂಪಂಗಿ ಕೆರೆಯಂಗಳ ಕಂಠೀರವ ಕ್ರೀಡಾಂಗಣವಾಗಿ, ಕರಗದ ವಿಧಿಗಳಿಗೆಂದು ಒಂದು ಸಣ್ಣ ಕೊಳ ಮಾತ್ರ ಉಳಿದುಕೊಂಡಿದೆ. 1964ರಲ್ಲಿ ಸ್ಥಾಪನೆಯಾಗಿ, ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬುಲ್ಡೋಜರುಗಳನ್ನು ತಯಾರಿಸುವ ಬಿಇಎಂಎಲ್‌ನ ಕೇಂದ್ರ ಕಚೇರಿ ಇರುವುದು ಅದೇ ಕೆರೆಯ ಹೆಸರು ಹೊತ್ತ ಸಂಪಂಗಿರಾಮನಗರದಲ್ಲಿ.

ಯಂತ್ರ ಬಂದುದರಿಂದ ಹೆಣ್ಣುಮಕ್ಕಳ ನೆತ್ತಿಯ ಮೇಲಿನ ಹೊರೆ ಇಳಿಯಿತೆಂಬುದು ಚಿಕ್ಕ ಲಾಭವಲ್ಲ. ಆದರೆ ಮಟ್ಟದ ಎಚ್ಚರ ಯಂತ್ರದೊಡನೆ ತಾನಾಗಿ ಬರುವುದಿಲ್ಲ. ಚಾಮರಾಜಪೇಟೆ, ಬಸವನಗುಡಿಗಳ ಹಳೆಯ ಮನೆಗಳಲ್ಲಿ ಬೀದಿಯಿಂದ ಜಗಲಿಗೆ ಹತ್ತಲು ಇದ್ದ ಮೆಟ್ಟಿಲುಗಳು, ಡಾಂಬರಿನ ಮೇಲೆ ಡಾಂಬರು ಹಾಕುತ್ತ ಬಂದ ಕಾರಣದಿಂದ, ಎಷ್ಟೋ ಕಡೆ ಒಂದೊಂದಾಗಿ ರಸ್ತೆಯೊಳಗೆ ಹೂತುಹೋಗಿವೆ. ಮಳೆ ಬಂದಾಗ ಚರಂಡಿಗೆ ಇಳಿಯಬೇಕಾದ ನೀರು ಹೊಸ್ತಿಲಿನತ್ತ ತಿರುಗುತ್ತದೆ. ಹಳೆಯ ಪದರವನ್ನು ಹೆರೆದು ತೆಗೆಯುವ ಯಂತ್ರಗಳು ಇಂದು ಲಭ್ಯವಿರುವಾಗ, ಈ ಬಡಾವಣೆಗಳಲ್ಲಿ ಯಾವ ರಸ್ತೆಯನ್ನಾಗಲಿ ಮರುಹಾಸುವ ಮುನ್ನ ಅದರ ಮೂಲ ಮಟ್ಟವನ್ನು ಅಳೆದು ದಾಖಲಿಸಿ, ಮೇಲಿನ ಪದರವನ್ನು ಹೆರೆದು ತೆಗೆದು, ಆ ಮಟ್ಟಕ್ಕೆ ಮೀರದಂತೆ ಕೆಲಸ ಮಾಡಬೇಕೆಂಬುದನ್ನು ಪಾಲಿಕೆಯು ಗುತ್ತಿಗೆಯ ಕಡ್ಡಾಯ ಷರತ್ತಾಗಿಸಬೇಕು.