ತಪಾಸಣೆಯ ಪಟ್ಟಿಯಲ್ಲಿ ಪುಸ್ತಕದ ಬೀರು

ಮಕ್ಕಳಿಗೆ ನಾವು ಅಂಕ ಕೊಡುವಂತೆ ಸರ್ಕಾರವು ಶಾಲೆಗಳಿಗೆ ಅಂಕ ಕೊಟ್ಟು ದರ್ಜೆ ನಿರ್ಧರಿಸುವ ಕ್ರಮ ತೀರ ಇತ್ತೀಚಿನದೆಂದು ಅನೇಕ ಕಿರಿಯ ಅಧ್ಯಾಪಕ ಮಿತ್ರರು ಭಾವಿಸಿದ್ದಾರೆ. ಅದಕ್ಕೆ ನೂರ ಅರುವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಆ ಲೆಕ್ಕಾಚಾರದಲ್ಲಿ ಶಾಲಾ ಗ್ರಂಥಾಲಯಕ್ಕೆ ಯಾವ ಸ್ಥಾನ ದೊರೆಯಿತು ಎಂಬುದನ್ನು ಇಲ್ಲಿ ನೆನೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿಕೊಂಡಿದೆ, ಓದುಗರು ಮನ್ನಿಸಬೇಕು.

1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿ ಪರಿಷ್ಕೃತ ನಿಯಮಾವಳಿಯೊಂದನ್ನು ಜಾರಿಗೆ ತಂದರು. ಮಗು ಶಾಲೆಗೆ ಸರಿಯಾಗಿ ಹಾಜರಾದರೆ 4 ಷಿಲಿಂಗ್ ಅನುದಾನ. ಇನ್‌ಸ್ಪೆಕ್ಟರರ ಮುಂದೆ ಓದು, ಬರಹ, ಲೆಕ್ಕ ಮೂರರಲ್ಲೂ ತೇರ್ಗಡೆಯಾದರೆ ಮತ್ತೆ 8 ಷಿಲಿಂಗ್. ಒಂದೊಂದು ವಿಷಯದಲ್ಲಿ ಸೋತಾಗಲೂ ಅದರಲ್ಲಿ 2 ಷಿಲಿಂಗ್ 8 ಪೆನ್ಸ್ ಖೋತಾ. ಮೂರರಲ್ಲೂ ಸೋತರೆ ಎಂಟೂ ಹೋಯಿತು. ಬಿ.ಎಡ್. ತರಗತಿಯಲ್ಲಿ ಇದನ್ನು ಐದು ಅಂಕದ ಟಿಪ್ಪಣಿಯೆಂದು ಬಾಯಿಪಾಠ ಮಾಡಿದ್ದೆವು. ಬಾಯಿಪಾಠವೇ ಈ ಪದ್ಧತಿಯ ಫಲವೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಅದನ್ನು ಕಣ್ಣಾರೆ ಕಂಡು ವರದಿ ಮಾಡಿದವರು ಕವಿ ಮ್ಯಾಥ್ಯೂ ಆರ್ನಾಲ್ಡ್. 1851ರಿಂದ 1886ರವರೆಗೆ ಅವರು ಶಾಲಾ ಇನ್‌ಸ್ಪೆಕ್ಟರರಾಗಿದ್ದರು. ವರ್ಷದ ಆರಂಭದಲ್ಲಿ ತರಗತಿಗೊಂದು ಪುಸ್ತಕವನ್ನು ಆರಿಸುತ್ತಾರೆ. ಮಕ್ಕಳು ವರ್ಷವಿಡೀ ಅದೊಂದನ್ನೇ ತಿರುಗಿ ತಿರುಗಿ ಓದುತ್ತಾರೆ. ತಪಾಸಣೆಯ ದಿನ ಅದರ ಒಂದೆರಡು ವಾಕ್ಯಗಳನ್ನು ನಿರರ್ಗಳವಾಗಿ ಒಪ್ಪಿಸುತ್ತಾರೆ. ಬೇರೆ ಪುಸ್ತಕ ಕೊಟ್ಟರೆ ಓದಲಾರರು ಎಂಬುದು ಅವರ ದೂರಿನ ಸಾರ. ಎರಡನೆಯ ಪುಸ್ತಕಕ್ಕೆ ಅಂಕವಿರಲಿಲ್ಲ, ಆದ್ದರಿಂದ ಶಾಲೆಯಲ್ಲಿ ಎರಡನೆಯ ಪುಸ್ತಕಕ್ಕೆ ಕೆಲಸವೂ ಇರಲಿಲ್ಲ. ಗ್ರಂಥಾಲಯವೆಂದರೆ ಎರಡನೆಯ, ಮೂರನೆಯ, ನೂರನೆಯ ಪುಸ್ತಕವಲ್ಲವೇ?

ಫಲಿತಾಂಶಕ್ಕೆ ತಕ್ಕ ಅನುದಾನದ ಈ ಕ್ರಮವು ಹಡಗೇರಿ ನಮ್ಮಲ್ಲಿಗೂ ಬಂದಿತು. 1860ರ ದಶಕದಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳು ಇದನ್ನು ಅನುಸರಿಸಿದವು. ಧಾರವಾಡ, ಬೆಳಗಾವಿಗಳು ಆಗ ಮುಂಬಯಿಗೂ, ಬಳ್ಳಾರಿ, ಮಂಗಳೂರುಗಳು ಮದರಾಸಿಗೂ ಸೇರಿದ್ದವು. 1882ರ ಹಂಟರ್ ಆಯೋಗವು ಕಾಲೇಜುಗಳಿಗೆ ಇದು ತಕ್ಕುದಲ್ಲವೆಂದರೂ ಕೆಳಗಿನ ಶಾಲೆಗಳಿಗೆ ಸಮ್ಮತಿಸಿತು. ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯ ಇದನ್ನು ಕೈಬಿಟ್ಟಿತು. ಪದ್ಧತಿ ಹೋಯಿತಾದರೂ, ಪರೀಕ್ಷಿಸುವುದನ್ನು ಮಾತ್ರ ಕಲಿಸುವ ಅಭ್ಯಾಸ ಹೋಗಲಿಲ್ಲ.

ಸ್ವಾತಂತ್ರ್ಯಾನಂತರ, 1952ರಲ್ಲಿ ಪ್ರೌಢಶಿಕ್ಷಣ ಆಯೋಗ ನೇಮಕವಾಯಿತು. ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅದರ ಅಧ್ಯಕ್ಷರು. ವೃತ್ತಿಯಿಂದ ವೈದ್ಯರಾದುದರಿಂದಲೋ ಏನೋ, ರೋಗವನ್ನು ಮುಚ್ಚಿಡದೆ ಹೇಳಿದರು. ಬಹುತೇಕ ಶಾಲೆಗಳಲ್ಲಿ ಗ್ರಂಥಾಲಯವೆಂದು ಕರೆಯಬಹುದಾದದ್ದೇ ಇಲ್ಲ. ಇರುವ ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ಗಮನಿಸದೆ ಆರಿಸಿದವು. ಇಕ್ಕಟ್ಟಾದ ಕೋಣೆಯ ಕೆಲವೇ ಕಪಾಟುಗಳಲ್ಲಿ ಬಿದ್ದಿವೆ. ಅವುಗಳ ಹೊಣೆ ಒಬ್ಬ ಗುಮಾಸ್ತನದು ಅಥವಾ ಪುಸ್ತಕಪ್ರೀತಿಯಿಲ್ಲದ ಅಧ್ಯಾಪಕನದು. 1953ರ ಆ ವರದಿಯ ಅಭಿಪ್ರಾಯ ಹೀಗಿತ್ತು.

ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ನಾನೇ ಆ ಅಧ್ಯಾಪಕನಾದೆ. ಪುಸ್ತಕಪ್ರೀತಿ ಇತ್ತು, ಆದರೆ ಭಯವೂ ಇತ್ತು. ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ನಡೆಯುತ್ತಿತ್ತು. ಒಂದು ಪುಸ್ತಕ ಕಡಿಮೆಯಾದರೂ ಬೆಲೆಯನ್ನು ಪ್ರಭಾರದಲ್ಲಿದ್ದವನೇ ತುಂಬಬೇಕು. ಎಷ್ಟು ಮಕ್ಕಳು ಓದಿದರೆಂದು ಯಾರೂ ಕೇಳುತ್ತಿರಲಿಲ್ಲ. ಶಾಲೆಯ ಮಾನವೆಲ್ಲ ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರಿನಲ್ಲಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನು ಮನೆಗೊಯ್ಯಲು ಕೇಳಿದಳು. ಮೂರು ಸಂಪುಟಗಳ ಬೆಲೆಬಾಳುವ ಪುಸ್ತಕ. ಪರೀಕ್ಷೆ ಮುಗಿಯಲಿ, ಕೊಡೋಣವೆಂದೆ. ಮುಂದಿನ ವರ್ಷ ಆಕೆ ಹತ್ತನೆಯ ತರಗತಿ. ಕೇಳಲಿಲ್ಲ, ನಾನೂ ಕರೆದು ಕೊಡಲಿಲ್ಲ. ಆ ವರ್ಷ ನಮ್ಮ ದಾಸ್ತಾನು ವಹಿಯಲ್ಲಿ ಒಂದು ಪುಸ್ತಕವೂ ಕಡಿಮೆಯಿಲ್ಲವೆಂದು ತಪಾಸಣಾಧಿಕಾರಿಗಳು ಮೆಚ್ಚುಗೆ ಬರೆದರು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಪತ್ರಿಕೆಗಳು, ಕಥೆಪುಸ್ತಕಗಳು ಸೇರಿದಂತೆ ಗ್ರಂಥಾಲಯವಿರಬೇಕೆಂದು ವಿಧಿಸಿತು. ಕೇಂದ್ರ ಸರ್ಕಾರ ರಾಜ್ಯಗಳ ಶಾಲಾ ಶಿಕ್ಷಣಕ್ಕೆ ದರ್ಜೆ ಕೊಡಲು ಆರಂಭಿಸಿದ್ದು 2017-18ರ ಸಾಲಿನಿಂದ. ಆ ಮೊದಲ ಶ್ರೇಣೀಕರಣ ಸೂಚ್ಯಂಕದಲ್ಲಿ 70 ಅಂಶಗಳು, ಒಟ್ಟು 1000 ಅಂಕ. ಮೂಲಸೌಕರ್ಯಕ್ಕೆ ಮೀಸಲಾದ 150 ಅಂಕಗಳ ಭಾಗದಲ್ಲಿ, ಪುಸ್ತಕ ಭಂಡಾರ, ವಾಚನಾಲಯ ಅಥವಾ ಗ್ರಂಥಾಲಯ ಇರುವ ಶಾಲೆಗಳ ಶೇಕಡಾವಾರು ಒಂದು ಅಂಶ. ಪಟ್ಟಿಯೊಳಗೆ ಕಡೆಗೂ ಜಾಗ ಸಿಕ್ಕಿತೆಂದು ಸಂತೋಷಪಟ್ಟೆ. ಪಟ್ಟಿಯಲ್ಲಿಲ್ಲದ ವಸ್ತುವಿಗೆ ಯಾವ ಮುಖ್ಯೋಪಾಧ್ಯಾಯರೂ ಹಣ ತೆಗೆದಿಡರು, ಅನುಭವದ ಮಾತಿದು. ಆದರೆ ಅಲ್ಲಿ ಎಣಿಸಿದ್ದು ‘ಇರುವ’ ಶಾಲೆಗಳನ್ನು. ನನ್ನ ಬೀಗ ಹಾಕಿದ ಬೀರುವಿಗೂ ಆ ಅಂಕ ನಿಶ್ಚಯವಾಗಿ ಸಿಗುತ್ತಿತ್ತು. ದಾಸ್ತಾನು ವಹಿಯ ಬದಲು ಎರವಲು ವಹಿಯನ್ನು ತೆರೆದು ನೋಡುವ ತಪಾಸಣೆ, ಹರಿದ ನಾಲ್ಕು ಪುಸ್ತಕಗಳನ್ನು ಅಧ್ಯಾಪಕನ ಲೆಕ್ಕಕ್ಕೆ ಹಿಡಿಯದ ನಿಯಮ, ಇವೆರಡು ಜೊತೆಗೂಡದೆ ಅಂಕ ಮಾತ್ರ ಹೆಚ್ಚಿಸಿದರೆ ಬೀರುಗಳಷ್ಟೇ ಹೆಚ್ಚುತ್ತವೆಂದು ನನ್ನ ಅಭಿಪ್ರಾಯ.

ನಿವೃತ್ತಿಯ ದಿನ ಪ್ರಭಾರ ವಹಿಸಿಕೊಡುವಾಗ ಎರಡು ಬೀರು, ಎರಡು ಕೀಲಿ, 412 ಪುಸ್ತಕಗಳೆಂದು ಸಹಿ ಹಾಕಿದೆ. ‘ಬಾಲಪ್ರಪಂಚ’ದ ಮೂರೂ ಸಂಪುಟಗಳು ಅದರಲ್ಲಿದ್ದವು, ರಟ್ಟು ಸವೆಯದೆ.