ವಿಭೂತಿ

ಹೋಮಾಗ್ನಿಯಲ್ಲಿ ಅಥವಾ ಮಂತ್ರ ಹೇಳಿ ಹೊತ್ತಿಸಿದ ಬೆಂಕಿಯಲ್ಲಿ ಉಳಿಯುವ ಪವಿತ್ರ ಬೂದಿ. ಭಸ್ಮ, ಭಸಿತ, ಕ್ಷಾರ, ರಕ್ಷೆ ಎಂಬ ಹೆಸರುಗಳೂ ಇದಕ್ಕಿವೆ. ಇಂದು ಇದು ಶೈವರ ಗುರುತೆಂದು ಪ್ರಸಿದ್ಧವಾಗಿದ್ದರೂ ಇದರ ಬೇರು ವೈದಿಕ ಯಜ್ಞದಲ್ಲಿದೆ.

ಶತಪಥ ಬ್ರಾಹ್ಮಣದ ಅಗ್ನಿಚಯನ ಪ್ರಕರಣದಲ್ಲಿ ಒಂದು ವಿಶಿಷ್ಟ ವಿಧಿ ಬರುತ್ತದೆ. ಉಖೆ ಎಂಬ ಮಣ್ಣಿನ ಪಾತ್ರೆಯಲ್ಲಿ ಕಾಪಾಡಿಕೊಂಡು ಬಂದ ಬೆಂಕಿಯ ಬೂದಿಯನ್ನು ನೀರಿಗೆ ಬಿಟ್ಟು, ಅದರಲ್ಲಿ ಸ್ವಲ್ಪವನ್ನು ಮರಳಿ ಪಾತ್ರೆಗೆ ತರಬೇಕು. ಆರಿದ ಬೂದಿಯಲ್ಲೂ ಅಗ್ನಿಯ ಅಂಶ ಉಳಿದಿದೆ, ಅದು ಕಳೆದುಹೋಗಬಾರದು ಎಂಬುದೇ ಇದರ ಭಾವ. ಗೃಹ್ಯಸೂತ್ರಗಳ ಬ್ರಹ್ಮಚಾರಿ ಸಮಿಧೆ ಅರ್ಪಿಸಿದ ಮೇಲೆ ‘ತ್ರ್ಯಾಯುಷ’ ಮಂತ್ರ ಹೇಳಿ ಹಣೆ, ಕೊರಳು, ಭುಜ, ಎದೆಗೆ ಬೂದಿ ಹಚ್ಚಿಕೊಳ್ಳುತ್ತಾನೆ. ಅವನು ಬೇಡುವುದು ಆಯುಸ್ಸನ್ನು. ಹೋಮ ಮುಗಿದ ಮೇಲೆ ತುಪ್ಪದಲ್ಲಿ ಕಲಸಿದ ಬೂದಿಯನ್ನು ರಕ್ಷೆಯೆಂದು ಮನೆಮಂದಿಯ ಹಣೆಗೆಲ್ಲ ಇಡುವುದು ಇದೇ ನಂಬಿಕೆಯ ಮುಂದುವರಿಕೆ.

ಆಯುಸ್ಸಿಗಾಗಿ ಹಚ್ಚುತ್ತಿದ್ದ ಬೂದಿಗೆ ವೈರಾಗ್ಯದ ಅರ್ಥ ಕೊಟ್ಟವರಲ್ಲಿ ಶೈವ ಸಾಧಕರಾದ ಪಾಶುಪತರು ಪ್ರಮುಖರು. ಅವರ ಆಚಾರ್ಯಪರಂಪರೆಗೆ ಕ್ರಿ.ಶ. 380ರ ಮಥುರಾ ಸ್ತಂಭಶಾಸನ ಸಾಕ್ಷಿ. ದಿನಕ್ಕೆ ಮೂರು ಬಾರಿ ಭಸ್ಮಸ್ನಾನ ಮಾಡಬೇಕು, ಭಸ್ಮದಲ್ಲೇ ಮಲಗಬೇಕು ಎಂದು ಪಾಶುಪತಸೂತ್ರ ವಿಧಿಸುತ್ತದೆ. ಕೌಂಡಿನ್ಯನ ಭಾಷ್ಯದೊಡನೆ ಈ ಸೂತ್ರಗಳು 1940ರಲ್ಲಿ ತಿರುವನಂತಪುರದಿಂದ ಅಚ್ಚಾದವು. ದೇಹದ ಕೊನೆ ಬೂದಿಯೆಂದು ಈಶಾವಾಸ್ಯ ಉಪನಿಷತ್ತು ಹೇಳಿದ್ದನ್ನು ಈ ಸಾಧಕರು ಬದುಕಿರುವಾಗಲೇ ಮೈಮೇಲೆ ಹೊತ್ತರು ಎನ್ನಬಹುದು. ಕರ್ನಾಟಕದಲ್ಲಿ ಈ ಪರಂಪರೆಗೆ ಸೇರಿದ ಕಾಳಾಮುಖರ ದೊಡ್ಡ ಕೇಂದ್ರ ಬಳ್ಳಿಗಾವಿ. ಅಲ್ಲಿನ ಕೋಡಿಯ ಮಠವು ವಿದ್ಯೆಗೂ ಅನ್ನದಾನಕ್ಕೂ ಹೆಸರಾಗಿತ್ತೆಂದು 1162ರ ಶಾಸನ ತಿಳಿಸುತ್ತದೆ.

ಹಣೆಯ ಮೂರು ಅಡ್ಡಗೆರೆಗಳಿಗೆ, ಅಂದರೆ ತ್ರಿಪುಂಡ್ರಕ್ಕೆ, ಅರ್ಥ ಹೇಳುವುದು ಕಾಲಾಗ್ನಿರುದ್ರ ಉಪನಿಷತ್ತು. ಮೊದಲ ಗೆರೆ ಗಾರ್ಹಪತ್ಯ, ಎರಡನೆಯದು ದಕ್ಷಿಣಾಗ್ನಿ, ಮೂರನೆಯದು ಆಹವನೀಯ. ಓಂಕಾರದ ಮೂರು ಅಕ್ಷರಗಳು, ಮೂರು ಲೋಕಗಳು, ಮೂರು ವೇದಗಳು ಕೂಡ ಇದೇ ಕ್ರಮದಲ್ಲಿ ಬರುತ್ತವೆ. ಯಜ್ಞಶಾಲೆಯ ಮೂರು ಬೆಂಕಿಗಳೂ ಹೀಗೆ ಧರಿಸಿದವನ ಹಣೆಗೇ ಬಂದವು.

ವಿಭೂತಿಯ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಇಲ್ಲಿಂದ ಹುಟ್ಟಿತು ಎನ್ನಬೇಕು. ಯಜ್ಞಶಾಲೆಯ ಆ ಮೂರು ಶ್ರೌತಾಗ್ನಿಗಳನ್ನು ಇಡಲು ಉಪನಯನ, ವೇದಾಧಿಕಾರ ಬೇಕಿದ್ದವು. ಬಹುಪಾಲು ಜನರಿಗೆ ಆ ಬಾಗಿಲು ಮುಚ್ಚಿತ್ತು. ಹನ್ನೆರಡನೆಯ ಶತಮಾನದ ವಚನಕಾರ ಶರಣರು ದೀಕ್ಷೆ ಪಡೆದ ಯಾರಿಗೇ ಆಗಲಿ, ಯಾವ ಕಾಯಕದವರೇ ಆಗಲಿ, ಹೆಣ್ಣಿಗೂ ಗಂಡಿಗೂ ಸಮಾನವಾಗಿ ವಿಭೂತಿಯನ್ನು ಕೊಟ್ಟರು. ಗುರು, ಲಿಂಗ, ಜಂಗಮ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದಗಳ ಜೊತೆ ಅದು ಅಷ್ಟಾವರಣಗಳಲ್ಲಿ ಒಂದಾಯಿತು. ಆಚಾರವಿಲ್ಲದ ಬರಿಯ ಲೇಪವನ್ನು ಅದೇ ವಚನಕಾರರು ಕಟುವಾಗಿ ಖಂಡಿಸಿದ್ದನ್ನೂ ಮರೆಯುವಂತಿಲ್ಲ. ಇತ್ತ ವೈಷ್ಣವರಲ್ಲೂ ಬೆಂಕಿಯ ಗುರುತು ಉಳಿದಿದೆ: ಮಾಧ್ವರು ದೇವರಿಗೆ ಅರ್ಪಿಸಿದ ಧೂಪದ ಇದ್ದಿಲಿನಿಂದ ಅಂಗಾರದ ಕಪ್ಪು ಗೆರೆ ಇಡುತ್ತಾರೆ.

ವಿಭೂತಿಯ ತಯಾರಿಕೆಯ ಕ್ರಮವನ್ನು ವೀರಶೈವ ಗ್ರಂಥ ಸಿದ್ಧಾಂತಶಿಖಾಮಣಿ ವಿವರಿಸುತ್ತದೆ. ನೆಲಕ್ಕೆ ಬೀಳುವ ಮೊದಲೇ ಹಿಡಿದ ಆಕಳ ಸಗಣಿಯನ್ನು ಮಂತ್ರಪೂರ್ವಕ ಶಿವಾಗ್ನಿಯಲ್ಲಿ ಸುಟ್ಟದ್ದು ‘ಕಲ್ಪ’, ಅದೇ ಶ್ರೇಷ್ಠ; ಕಾಡಿನಲ್ಲಿ ಒಣಗಿ ಬಿದ್ದ ಸಗಣಿಯಿಂದ ಮಾಡಿದ್ದು ‘ಅನುಕಲ್ಪ’. ರೂಢಿಯಲ್ಲಿ ಬೆರಣಿಯನ್ನು ಭತ್ತದ ಹೊಟ್ಟಿನೊಡನೆ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ತಿಳಿನೀರು ಚೆಲ್ಲಿದಾಗ ಕರಗಿದ ಕ್ಷಾರವೂ ಹೋಗುವುದರಿಂದ ಚರ್ಮ ಉರಿಯುವುದಿಲ್ಲ. ತಳದಲ್ಲಿ ನಿಂತ ನಯವಾದ ಬೂದಿಯನ್ನು ಗಟ್ಟಿ ಕಟ್ಟಿ ಒಣಗಿಸುತ್ತಾರೆ. ಬಿಳುಪಿಗಾಗಿ ಸುಣ್ಣದ ಪುಡಿ ಬೆರೆಸಿದ ಗಟ್ಟಿಗಳೂ ಈಗ ಅಂಗಡಿಗೆ ಬರುತ್ತವೆ. ಸಗಣಿಯ ಬೂದಿಯಲ್ಲದ ಆ ಪುಡಿಯನ್ನು ಶಾಸ್ತ್ರದ ಅರ್ಥದಲ್ಲಿ ಭಸ್ಮವೆನ್ನಲಾಗದು.